ಮಾನಸಗಂಗೋತ್ರಿಯಲ್ಲಿ ಮೂರು ದಿನದ ಮನೋವಿಜ್ಞಾನ ಸಮ್ಮೇಳನ: ಪೋಸ್ಟರ್, ಸಿಆರ್‌ಇ ಅಂಕ, ಮತ್ತೆ ಮೈಸೂರು ನೋಡೋದು

ಧಾರವಾಡ_ಎಂಎಸ್ಸಿ

ಎಲ್ಲಾರಿಗೂ ನಮಸ್ಕಾರ್ರಿ. ಶುಕ್ರವಾರದಿಂದ ಭಾನುವಾರದ ತನಕ ಮಾನಸಗಂಗೋತ್ರಿಯಲ್ಲಿ ಸಮ್ಮೇಳನ ಐತಿ. ನಾವು ಎಂಟು ಮಂದಿ: ಐವರು ಎಂ.ಎಸ್ಸಿ. ವಿದ್ಯಾರ್ಥಿಗಳು, ಇಬ್ಬರು ಕ್ಲಿನಿಕಲ್ ಸೈಕಾಲಜಿಸ್ಟರು, ಒಬ್ಬರು ಹಿರಿಯ ಪ್ರಾಧ್ಯಾಪಕಿ. ಮೂರು ಪೋಸ್ಟರ್, ಒಂದು ಮೌಖಿಕ ಮಂಡನೆ. ಸೋಮವಾರ ಪೂರ್ತಿ ಖಾಲಿ ಇಟ್ಟೇವಿ. ಪೋಸ್ಟರ್ ಎಲ್ಲಿ, ಹೆಂಗ ಮಾಡಿಸಬೇಕು? ಸಿಆರ್‌ಇ (ಮುಂದುವರಿದ ಪುನರ್ವಸತಿ ಶಿಕ್ಷಣ) ಅಂಕಕ್ಕ ಏನೇನು ಬೇಕು? ಗೋಷ್ಠಿ ತಪ್ಪಿಸದ ಊರು ನೋಡೋದು ಆಗತೈತೇನ್ರಿ? ಪ್ರಾಧ್ಯಾಪಕರಿಗೆ ಮೊಣಕಾಲು ನೋವು ಐತಿ, ಅದನ್ನೂ ಲೆಕ್ಕಕ್ಕ ಹಿಡೀರಿ.

ಗಂಗೋತ್ರಿ_ಹಾದಿ

ಊರು ನೋಡಲು ಗೋಷ್ಠಿ ತಪ್ಪಿಸುವ ಅಗತ್ಯವೇ ಇಲ್ಲ. ನಿಮ್ಮ ವಿಷಯಕ್ಕೆ ಸಂಬಂಧಪಟ್ಟ ಮೈಸೂರು ಕ್ಯಾಂಪಸ್ಸಿನ ಒಳಗೆ ಮತ್ತು ಅದರ ಅಂಚಿನಲ್ಲೇ ಇದೆ. ಬಹಳ ಜನ ಅರಮನೆ, ಬೆಟ್ಟ, ಬೃಂದಾವನ ಎಂದು ಓಡಿ ಇದನ್ನೇ ಬಿಟ್ಟು ಹೋಗುತ್ತಾರೆ ಎಂಬುದು ನನ್ನ ಸಂಕಟ.

ಮೊದಲು ಪ್ರಯಾಣ. ಧಾರವಾಡ–ಮೈಸೂರು ರಾತ್ರಿ ರೈಲು ನೇರ ಬರುತ್ತದೆ, ಬೆಳಿಗ್ಗೆ ಇಳಿಸುತ್ತದೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಹಳೆಯ 120 ದಿನದ ಲೆಕ್ಕ 2024ರ ನವೆಂಬರ್‌ಗೆ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಇಳಿದು ಅದೇ ದಿನ ಉದ್ಘಾಟನೆಗೆ ಓಡುವ ಯೋಜನೆ ಬೇಡ. ರೈಲು ಒಂದು ಗಂಟೆ ತಡವಾದರೆ ನೋಂದಣಿ ಸಾಲು, ಪೋಸ್ಟರ್ ಅಂಟಿಸುವ ಸಮಯ ಎರಡೂ ಕೈತಪ್ಪುತ್ತವೆ. ಗುರುವಾರ ಬೆಳಿಗ್ಗೆಯೇ ಇಳಿಯಿರಿ.

ವಸತಿಯನ್ನು ಅರಮನೆ ಸುತ್ತ ಹುಡುಕಬೇಡಿ. ರೈಲು ನಿಲ್ದಾಣದಿಂದ ಧನ್ವಂತ್ರಿ ರಸ್ತೆ, ಒಂಟಿಕೊಪ್ಪಲ್, ಯಾದವಗಿರಿ ಕಡೆ ಇದ್ದರೆ ಗಂಗೋತ್ರಿಗೆ ಆಟೋದಲ್ಲಿ ಹತ್ತು ಹದಿನೈದು ನಿಮಿಷ. ದಸರಾ ಹೊತ್ತಿನಲ್ಲೂ ಡಿಸೆಂಬರ್ ಕೊನೆಯ ವಾರದಲ್ಲೂ ಕೋಣೆ ಬಾಡಿಗೆ ಒಂದಕ್ಕೆರಡು ಆಗುತ್ತದೆ. ವಿಶ್ವವಿದ್ಯಾಲಯದ ಅತಿಥಿಗೃಹ ಬೇಕಿದ್ದರೆ ಸಂಘಟಕರ ಮೂಲಕ, ಪತ್ರ ಬರೆದು, ಬೇಗ ಕೇಳಿ. ಫೋನಿನಲ್ಲಿ ಕೇಳಿದ್ದು ದಾಖಲೆಯಾಗುವುದಿಲ್ಲ.

ಮುದ್ರಣಮನೆ

ಪೋಸ್ಟರ್ ಬಗ್ಗೆ. ಅಳತೆ ಎ-0 ಅಂದರೆ 84.1 × 118.9 ಸೆಂ.ಮೀ. ಕೆಲವು ಸಂಘಟಕರು 3 × 4 ಅಡಿ ಎನ್ನುತ್ತಾರೆ, ಅಂದರೆ 91 × 122. ಎರಡೂ ಒಂದೇ ಅಲ್ಲ. ನಿಂತ ಚೌಕಟ್ಟೋ ಮಲಗಿದ್ದೋ ಎಂದು ಬರಹದಲ್ಲಿ ಕೇಳಿಕೊಳ್ಳಿ. ಮಲಗಿದ ಪೋಸ್ಟರನ್ನು ನಿಂತ ಬೋರ್ಡಿಗೆ ಹಾಕಿದರೆ ಎರಡೂ ಬದಿ ಅಂಗೈಯಗಲ ಹೊರಗೆ ಜೋಲುತ್ತದೆ.

ಪವರ್‌ಪಾಯಿಂಟ್‌ನಲ್ಲಿ ಮಾಡುವುದಾದರೆ ಬರೆಯಲು ಶುರು ಮಾಡುವ ಮೊದಲೇ ಪುಟದ ಅಳತೆ ಕೊಡಿ. ಸಾಮಾನ್ಯ ಸ್ಲೈಡಿನಲ್ಲಿ ಮಾಡಿ ಕೊನೆಗೆ ಹಿಗ್ಗಿಸಿದರೆ ಚಿತ್ರಗಳೆಲ್ಲ ಮಸುಕಾಗುತ್ತವೆ. ಮುದ್ರಣದ ಅಳತೆಯಲ್ಲಿ ಚಿತ್ರ 150 ಡಿಪಿಐ ಇದ್ದರೂ ಸಾಕು. ಶೀರ್ಷಿಕೆ 80–90 ಪಾಯಿಂಟ್, ಉಪಶೀರ್ಷಿಕೆ 44ರ ಸುತ್ತ, ಒಳಬರಹ 28ಕ್ಕಿಂತ ಕಡಿಮೆ ಬೇಡ. ಒಟ್ಟು 600 ಪದ ಮೀರಿದರೆ ಯಾರೂ ಓದುವುದಿಲ್ಲ.

ಕನ್ನಡ ಅಕ್ಷರ ಇರುವ ಪೋಸ್ಟರಿಗೆ ಒಂದು ವಿಶೇಷ ಎಚ್ಚರಿಕೆ. ಅಂಗಡಿಯ ಹಳೆಯ ಕೋರಲ್‌ಡ್ರಾದಲ್ಲಿ ಯೂನಿಕೋಡ್ ಕನ್ನಡ ತೆರೆದರೆ ಒತ್ತಕ್ಷರ ಬಿಟ್ಟುಕೊಳ್ಳುತ್ತದೆ: "ಖಿನ್ನತೆ" ಹೋಗಿ "ಖಿನ್‌ನತೆ" ಆಗುತ್ತದೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ. ಆದ್ದರಿಂದ ಮೂಲ ಕಡತ ಕೊಡಬೇಡಿ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ, ಅದನ್ನು ಬೇರೆಯವರ ಫೋನಿನಲ್ಲಿ ತೆರೆದು ಪರೀಕ್ಷಿಸಿ, ಆಮೇಲೆ ಕಳಿಸಿ. ಎ-4 ಹಾಳೆಯಲ್ಲಿ ಒಂದು ಪ್ರತಿ ತೆಗೆದು ನೋಡಿ. ತೋಳಿನಷ್ಟು ದೂರ ಹಿಡಿದು ಓದಲಾಗದ ಅಕ್ಷರ ಪೋಸ್ಟರಿನಲ್ಲೂ ಓದಲಾಗದು.

ಫ್ಲೆಕ್ಸ್ ಅಗ್ಗ, ಆದರೆ ಮಡಚಿದರೆ ಗೆರೆ ಹೋಗುವುದಿಲ್ಲ, ಗುಂಡುಪಿನ್ನು ಸರಿಯಾಗಿ ನಾಟುವುದಿಲ್ಲ. ಸುತ್ತಿಯೇ ತರಬೇಕು, ಅದೂ ಅಚ್ಚಾದ ಮುಖ ಹೊರಗೆ ಬರುವಂತೆ. ಹಾಗೆ ಸುತ್ತಿದರೆ ಅಂಟಿಸಿದಾಗ ಅಂಚು ಬೋರ್ಡಿನ ಕಡೆಗೇ ಬಾಗುತ್ತದೆ. ಒಳಮುಖವಾಗಿ ಸುತ್ತಿದ್ದು ದಿನವಿಡೀ ಎದ್ದೆದ್ದು ಬರುತ್ತದೆ. ನಿಂತ ಎ-0ಗೆ 90 ಸೆಂ.ಮೀ. ಉದ್ದದ ಕೊಳವೆ ಸಾಕು. ರೈಲಿನಲ್ಲಿ ಬರುವವರಿಗೆ ಬಟ್ಟೆಯ ಮೇಲಿನ ಮುದ್ರಣ ಇನ್ನೂ ಒಳ್ಳೆಯದು, ಮಡಚಿ ಚೀಲದಲ್ಲಿ ಇಡಬಹುದು. ಎರಡು ಬದಿಯ ಅಂಟುಪಟ್ಟಿ, 12 ಗುಂಡುಪಿನ್ನು, ಸಣ್ಣ ಕತ್ತರಿ ಜೊತೆಗಿರಲಿ.

ಧಾರವಾಡ_ಎಂಎಸ್ಸಿ

ಮೈಸೂರಿನಾಗ ಮುದ್ರಣ ಮಾಡಿಸಿದರ ಹೆಂಗ್ರಿ?

ಮುದ್ರಣಮನೆ

ಬೇಡ. ಅದೇ ವಾರ ಸಮ್ಮೇಳನಕ್ಕೆ ಬಂದವರೆಲ್ಲ ಅದೇ ನಾಲ್ಕು ಅಂಗಡಿಗೆ ಹೋಗಿರುತ್ತಾರೆ. ಊರಲ್ಲೇ ಮಾಡಿಸಿ, ಪಿಡಿಎಫ್ ಮಾತ್ರ ಪೆನ್‌ಡ್ರೈವ್‌ನಲ್ಲೂ ಇಮೇಲ್‌ನಲ್ಲೂ ಇಟ್ಟುಕೊಳ್ಳಿ. ಪೋಸ್ಟರಿನಲ್ಲಿ ಕ್ಯೂಆರ್ ಕೋಡ್ ಹಾಕುವುದಾದರೆ ಬದಿ 4 ಸೆಂ.ಮೀ. ಇರಲಿ, ಡ್ರೈವ್ ಕೊಂಡಿಯ ಅನುಮತಿ ಎಲ್ಲರಿಗೂ ತೆರೆದಿರಲಿ. ಬಹಳಷ್ಟು ಕೋಡ್‌ಗಳು ಸ್ಕ್ಯಾನ್ ಆಗುತ್ತವೆ, ಆಮೇಲೆ "ಅನುಮತಿ ಕೇಳಿ" ಎಂಬ ಪುಟದಲ್ಲಿ ನಿಲ್ಲುತ್ತವೆ.

ಕ್ಲಿನಿಕಲ್_ಕಲಬುರಗಿ

ಸಿಆರ್‌ಇ ವಿಚಾರ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಸಂಬಂಧವಿಲ್ಲ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಆ ಇಬ್ಬರು ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಮಾತ್ರ. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ 100 ಅಂಕ ಬೇಕು. ಸಮ್ಮೇಳನ ಎಷ್ಟೇ ದೊಡ್ಡದಿರಲಿ, ಸಂಘಟಕರು ಮೊದಲೇ ಆರ್‌ಸಿಐ ಅನುಮೋದನೆ ಪಡೆದಿದ್ದರೆ ಮಾತ್ರ ಅಂಕ. ಕರಪತ್ರದಲ್ಲಿ "ಸಿಆರ್‌ಇ ಅಂಕಗಳಿಗೆ ಅರ್ಜಿ ಸಲ್ಲಿಸಲಾಗಿದೆ" ಎಂದಿದ್ದರೆ ಅದು ಸಿಕ್ಕಿದೆ ಎಂದಲ್ಲ. ಅನುಮೋದನೆಯ ಪತ್ರದ ಪ್ರತಿ ಕೇಳಿ, ಕೇಳಲು ಸಂಕೋಚ ಬೇಡ.

ನೋಂದಣಿ ಅರ್ಜಿಯಲ್ಲಿ ಹೆಸರು ಆರ್‌ಸಿಐ ಪ್ರಮಾಣಪತ್ರದಲ್ಲಿ ಇದ್ದ ಹಾಗೆಯೇ ಇರಲಿ, ಇನಿಷಿಯಲ್ ಹಿಂದೋ ಮುಂದೋ ಎಂಬುದೂ ಸೇರಿ. ಸಿಆರ್‌ಆರ್ ಸಂಖ್ಯೆ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ, ತಪ್ಪಿಲ್ಲದೆ ತುಂಬಿ. ಪ್ರತಿ ದಿನದ ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ, ಮಧ್ಯಾಹ್ನ ಎರಡೂ ಸಹಿ ಕೇಳಿದರೆ ಎರಡನ್ನೂ ಹಾಕಿ. ಮಧ್ಯಾಹ್ನ ಊರು ಸುತ್ತಲು ಹೋದವರ ಅಂಕ ಅಲ್ಲೇ ಕರಗುತ್ತದೆ.

ಇನ್ನೊಂದು, ಪ್ರಕಟಣೆ. ಪ್ರಬಂಧಸಂಪುಟಕ್ಕೆ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಇದೆ ಎಂದ ಮಾತ್ರಕ್ಕೆ ಅದು ಜರ್ನಲ್ ಲೇಖನವಾಗುವುದಿಲ್ಲ. ಯುಜಿಸಿಯ ಮಾನ್ಯ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದಾರೆ, ಹಾಗಾಗಿ "ಕೇರ್ ಪಟ್ಟಿಯ ಜರ್ನಲ್‌ನಲ್ಲಿ ಹಾಕಿಸುತ್ತೇವೆ, ಇಷ್ಟು ಹಣ ಕಟ್ಟಿ" ಎನ್ನುವವರಿಂದ ದೂರ ಇರಿ.

ಅಳತೆಗೋಲು

ಪೋಸ್ಟರ್ ಹೇಗೆ ಕಾಣುತ್ತದೆ ಎಂದು ಇಷ್ಟು ಮಾತಾಯಿತು, ಅದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ತೀರ್ಪುಗಾರರು ಪೋಸ್ಟರ್ ಮುಂದೆ ನಿಂತು ಕೇಳುವುದು ಬಹುಮಟ್ಟಿಗೆ ಇವೇ.

ಒಂದು, ಮಾದರಿಯ ಗಾತ್ರ ಎಲ್ಲಿಂದ ಬಂತು? "ನೂರು ಜನ ಸಿಕ್ಕರು" ಎಂಬುದು ಉತ್ತರವಲ್ಲ. ಎರಡು ಗುಂಪುಗಳ ಸರಾಸರಿ ಹೋಲಿಸುವುದಾದರೆ, ಮಧ್ಯಮ ಗಾತ್ರದ ವ್ಯತ್ಯಾಸ (ಡಿ = 0.5), ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಅಪಾಯ (ಆಲ್ಫಾ) .05, ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ (ಪವರ್) .80 ಎಂದು ಜಿ-ಪವರ್ ತಂತ್ರಾಂಶದಲ್ಲಿ ಹಾಕಿದರೆ ಗುಂಪಿಗೆ 64, ಒಟ್ಟು 128 ಬರುತ್ತದೆ. ನಿಮ್ಮಲ್ಲಿ ಗುಂಪಿಗೆ 30 ಇದ್ದರೆ ಅದನ್ನು ಮುಚ್ಚಿಡಬೇಡಿ, ಮಿತಿ ಎಂದು ಬರೆಯಿರಿ.

ಎರಡು, "ಪಿ ಬೆಲೆ .000" ಎಂದು ಬರೆಯಬೇಡಿ. ಎಸ್‌ಪಿಎಸ್‌ಎಸ್ ತಂತ್ರಾಂಶ ಮೂರು ದಶಮಾಂಶಕ್ಕೆ ಕತ್ತರಿಸಿ ತೋರಿಸುತ್ತದೆ, ಅಷ್ಟೇ. ಸಂಭವನೀಯತೆ ಸೊನ್ನೆ ಆಗಲಾರದು, ".001ಕ್ಕಿಂತ ಕಡಿಮೆ" ಎನ್ನಬೇಕು. ಜೊತೆಗೆ ಎಫೆಕ್ಟ್ ಸೈಜ್ (ವ್ಯತ್ಯಾಸ ಎಷ್ಟು ದೊಡ್ಡದು ಎಂಬ ಅಳತೆ), 95% ವಿಶ್ವಾಸಾಂತರ (ಕಾನ್ಫಿಡೆನ್ಸ್ ಇಂಟರ್ವಲ್) ಕೊಡಿ.

ಮೂರು, ಕುಟುಂಬದ ಸಾಮಾಜಿಕ–ಆರ್ಥಿಕ ಸ್ಥಿತಿ ಅಳೆಯುವ ಕುಪ್ಪುಸ್ವಾಮಿ ಮಾಪಕ ಬಳಸಿದ್ದೀರಾ? 1976ರದು, ನಗರದ ಕುಟುಂಬಗಳಿಗೆ ಮಾಡಿದ್ದು. ಅದರ ಆದಾಯದ ಹಂತಗಳನ್ನು ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ಪರಿಷ್ಕರಿಸುತ್ತ ಬರಬೇಕು. ಯಾವ ವರ್ಷದ ಪರಿಷ್ಕರಣೆ ಎಂದು ಪೋಸ್ಟರಿನಲ್ಲಿ ಬರೆಯದಿದ್ದರೆ ಅಂಕಗಳಿಗೆ ಅರ್ಥವಿಲ್ಲ. ಹಳ್ಳಿಯ ಮಾದರಿಗೆ ಅದನ್ನು ಹಚ್ಚುವುದಂತೂ ತಪ್ಪೇ.

ನಾಲ್ಕು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಮಾಪಕದ ಕನ್ನಡ ಯಾರದು? ಮೂಲದ ಹಕ್ಕುದಾರರ ಅನುಮತಿ, ಇಬ್ಬರು ಬೇರೆ ಬೇರೆಯಾಗಿ ಮಾಡಿದ ಅನುವಾದ, ಅವೆರಡನ್ನೂ ಕೂಡಿಸಿದ ಪ್ರತಿ, ಮೂಲ ನೋಡದವರಿಂದ ಮರುಅನುವಾದ, ತಜ್ಞರ ಸಮಿತಿ, ಆಮೇಲೆ ನಿಜವಾಗಿ ಉತ್ತರಿಸುವಂಥ ಜನರ ಜೊತೆ ಕೂತು "ಈ ಪ್ರಶ್ನೆ ಏನು ಕೇಳುತ್ತಿದೆ?" ಎಂದು ವಿಚಾರಿಸುವುದು. ಕೊನೆಯ ಹಂತವನ್ನೇ ಹೆಚ್ಚಿನವರು ಬಿಡುತ್ತಾರೆ, ತಪ್ಪು ಸಿಕ್ಕುವುದು ಅಲ್ಲೇ.

ಉದಾಹರಣೆಗೆ "ಸಂಕಟ". ಕೆಲವರಿಗೆ ಮನಸ್ಸಿನ ನೋವು, ಕೆಲವರಿಗೆ ವಾಕರಿಕೆ. "ಬೇಜಾರು" ಎಂದರೆ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ಒಬ್ಬರ ಮೇಲಿನ ಮುನಿಸೂ ಹೌದು. ಇವನ್ನು ಒಂದೇ ಅಂಕದಲ್ಲಿ ಕೂಡಿಸಿದರೆ ನೀವು ಅಳೆದದ್ದು ಏನು? ಇನ್ನು ನಕಾರದ ಪ್ರಶ್ನೆಗಳು. "ನಿಮಗೆ ರಾತ್ರಿ ನಿದ್ದೆ ಬರುವುದಿಲ್ಲವೇ?" ಎಂದರೆ ಒಬ್ಬರು "ಹೌದು, ಬರಲ್ಲ" ಎನ್ನುತ್ತಾರೆ, ಮತ್ತೊಬ್ಬರು "ಇಲ್ಲ, ಬರಲ್ಲ" ಎನ್ನುತ್ತಾರೆ. ಇಬ್ಬರದೂ ಒಂದೇ ಅರ್ಥ, ಆದರೆ ಹೌದು–ಇಲ್ಲ ಕಲಂನಲ್ಲಿ ಎದುರುಬದುರು ಕೂರುತ್ತಾರೆ. ಕನ್ನಡದಲ್ಲಿ ನಕಾರದ ಹೇಳಿಕೆಗಳ ವಿಶ್ವಾಸಾರ್ಹತೆ ಕುಸಿದರೆ ಮೊದಲು ಇಲ್ಲಿ ಹುಡುಕಿ.

ಕ್ಲಿನಿಕಲ್_ಕಲಬುರಗಿ

ಅಳತೆಗೋಲು ಅವರ ಮಾತಿಗೆ ಒಂದು ಸೇರಿಕೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಬಳಸಿದವರು ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದಾಗ ಏನು ಮಾಡಿದಿರಿ ಎಂದು ಪೋಸ್ಟರಿನಲ್ಲೇ ಬರೆಯಬೇಕು. ಅದು ಸಾವಿನ ಯೋಚನೆಯ ಪ್ರಶ್ನೆ. ಹಾಳೆಗಳನ್ನು ಸಂಗ್ರಹಿಸಿ ತಿಂಗಳ ನಂತರ ಅಂಕ ಕೂಡಿಸಲು ಕೂತಾಗ ಅದು ಕಣ್ಣಿಗೆ ಬಿದ್ದರೆ ತಡವಾಯಿತು. ಅದೇ ದಿನ ನೋಡಬೇಕು, ಮಾತಾಡಬೇಕು, ಹತ್ತಿರದ ಸೇವೆಗೆ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಸಂಖ್ಯೆಯನ್ನು ಒಪ್ಪಿಗೆ ಪತ್ರದಲ್ಲೇ ಕನ್ನಡದಲ್ಲಿ ಅಚ್ಚು ಮಾಡಿರಬೇಕು. ಇದಕ್ಕೆ ಉತ್ತರವಿಲ್ಲದ ಅಧ್ಯಯನವನ್ನು ನೈತಿಕ ಸಮಿತಿ ಒಪ್ಪಬಾರದು.

ಮಂಡನೆಯ ಸ್ಲೈಡಿನಲ್ಲಿ ರೋಗಿಯ ಫೋಟೊ, ಊರು, ವಯಸ್ಸು, ವೃತ್ತಿ ಒಟ್ಟಿಗೆ ಕೊಡಬೇಡಿ. ಹೆಸರಿಲ್ಲದಿದ್ದರೂ ಅವರ ತಾಲ್ಲೂಕಿನವರು ಗುರುತಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ಊಟದ ಸಾಲಿನಲ್ಲಿ ಕೇಸಿನ ಮಾತು ಆಡುವುದೂ ಅದೇ ತಪ್ಪು.

ಒಂಟಿಕೊಪ್ಪಲ್

ಈಗ ಊರಿನ ಕಡೆ ಬರೋಣ. ಗಂಗೋತ್ರಿ_ಹಾದಿ ಹೇಳಿದ "ನಿಮ್ಮ ವಿಷಯಕ್ಕೆ ಸಂಬಂಧಪಟ್ಟ ಮೈಸೂರು" ಯಾವುದು ಎಂದು ಬಿಡಿಸಿ ಹೇಳುತ್ತೇನೆ.

ಕಲ್ಕತ್ತಾದಲ್ಲಿ 1916ರಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ಮೈಸೂರಿನಲ್ಲಿ 1924ರಲ್ಲಿ. ಇಲ್ಲಿ ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದವರು, ಮುಂದೆ ಮಹಾರಾಜ ಕಾಲೇಜಿನ ಪ್ರಾಂಶುಪಾಲರೂ ಆದರು. ನೀವು ಫ್ಯಾಕ್ಟರ್ ಅನಾಲಿಸಿಸ್ (ಹಲವು ಅಂಕಗಳ ಹಿಂದಿರುವ ಕೆಲವೇ ಅಂಶಗಳನ್ನು ಹುಡುಕುವ ವಿಧಾನ) ಮಾಡಿ ಪೋಸ್ಟರ್ ತರುತ್ತಿದ್ದರೆ, ಆ ವಿಧಾನದ ಮೂಲಪುರುಷನ ಶಿಷ್ಯರು ಪಾಠ ಹೇಳಿದ ಊರಿಗೇ ತರುತ್ತಿದ್ದೀರಿ. 1935ರಲ್ಲಿ ಅದೇ ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದ ಖಾಸಗಿ ರೇಡಿಯೊ ಕೇಂದ್ರ ಆರಂಭಿಸಿದರು, ಅದಕ್ಕೆ ಆಕಾಶವಾಣಿ ಎಂದು ಹೆಸರು. ಇಡೀ ದೇಶದ ರೇಡಿಯೊಗೆ ಆಮೇಲೆ ಬಂದ ಹೆಸರು ಒಬ್ಬ ಮನೋವಿಜ್ಞಾನಿಯ ಮನೆಯಿಂದ ಹೊರಟದ್ದು ಎಂದು ಎಷ್ಟು ಮನೋವಿಜ್ಞಾನ ವಿದ್ಯಾರ್ಥಿಗಳಿಗೆ ಗೊತ್ತು?

ನಡಿಗೆಯ ದಾರಿ ಹೀಗೆ. ಗುರುವಾರ ಸಂಜೆ ನಾಲ್ಕಕ್ಕೆ ಕ್ರಾಫರ್ಡ್ ಭವನದ ಎದುರು ಶುರು ಮಾಡಿ. ಅದು ವಿಶ್ವವಿದ್ಯಾಲಯದ ಆಡಳಿತ ಕಚೇರಿ. ಅಲ್ಲಿಂದ ಕೃಷ್ಣರಾಜ ಬುಲೆವಾರ್ಡ್ ಹಿಡಿದರೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಸಿಗುತ್ತದೆ, 1891ರಲ್ಲಿ ಆರಂಭವಾದ ಸಂಸ್ಥೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದ್ದು ಈ ಸಂಸ್ಥೆಯ ಸಂಗ್ರಹದಲ್ಲಿ. ಮುಂದೆ ಮಹಾರಾಜ ಕಾಲೇಜು. ಎಲ್ಲ ಸೇರಿ ನಿಧಾನವಾಗಿ ಒಂದು ಗಂಟೆ, ನೆಲ ಬಹುಮಟ್ಟಿಗೆ ಸಮ. ಪ್ರಾಧ್ಯಾಪಕರಿಗೂ ಆಗುತ್ತದೆ.

ಕ್ಯಾಂಪಸ್ಸಿನ ಒಳಗೆ ಜಯಲಕ್ಷ್ಮೀ ವಿಲಾಸ ಇದೆ, 1905ರ ಅರಮನೆ, ಜಾನಪದ ವಸ್ತುಸಂಗ್ರಹಾಲಯ ಅಲ್ಲಿಯದು. ದುರಸ್ತಿಗೆಂದು ಆಗಾಗ ಮುಚ್ಚಿರುತ್ತಾರೆ, ತೆರೆದಿದೆಯೇ ಎಂದು ಮೊದಲ ದಿನವೇ ಸ್ವಯಂಸೇವಕರನ್ನು ಕೇಳಿ. ಭಾಷೆ, ಮಾತಿನ ತೊಂದರೆ, ಮಕ್ಕಳ ಪರೀಕ್ಷೆ ಇಂಥ ವಿಷಯದವರಿಗೆ ಎರಡು ಸಂಸ್ಥೆಗಳು ಪಕ್ಕದಲ್ಲೇ ಇವೆ: 1960ರ ದಶಕದಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1969ರ ಭಾರತೀಯ ಭಾಷಾ ಸಂಸ್ಥಾನ. ಎರಡಕ್ಕೂ ಸುಮ್ಮನೆ ನುಗ್ಗಲಾಗದು. ಹದಿನೈದು ದಿನ ಮೊದಲು ವಿಭಾಗದ ಪತ್ರ ಕಳಿಸಿ, ಗ್ರಂಥಾಲಯ ನೋಡಲು ಅನುಮತಿ ಕೇಳಿ. ಅದಕ್ಕೆ ಶುಕ್ರವಾರವೇ ಸರಿ, ಶನಿವಾರ–ಭಾನುವಾರ ಕಚೇರಿ ಇರುವುದಿಲ್ಲ.

ಅಳತೆಗೋಲು

ಧಾರವಾಡದವರಿಗೆ ಒಂದು ನೆನಪು: ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ ಅಳವಡಿಸಿದ್ದು ಕನ್ನಡ, ಮರಾಠಿ ಮಕ್ಕಳಿಗೆ. ಬಿನೆ–ಕಾಮತ್ ಎಂದು ಇಂದಿಗೂ ಪರೀಕ್ಷೆಯ ಪೆಟ್ಟಿಗೆ ತೆಗೆಯುತ್ತೀರಲ್ಲ, ಅದೇ. ಆದರೆ ಅಷ್ಟು ಹಳೆಯ ಮಾನಕಗಳ ಮೇಲೆ ಇಂದಿನ ಮಗುವಿನ ಅಂಕ ಹೇಳುವುದು ಸರಿಯೇ ಎಂಬುದು ಸಮ್ಮೇಳನದಲ್ಲಿ ಎತ್ತಬೇಕಾದ ಪ್ರಶ್ನೆ. ಎತ್ತಿರಿ.

ಗಂಗೋತ್ರಿ_ಹಾದಿ

ಬೆಳಗಿನ ಹೊತ್ತಿಗೆ ಕುಕ್ಕರಹಳ್ಳಿ ಕೆರೆ. ಕ್ಯಾಂಪಸ್ಸಿಗೆ ಅಂಟಿಕೊಂಡೇ ಇದೆ, ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಒಂದು ಸುತ್ತು ಸುಮಾರು 5 ಕಿ.ಮೀ., ಮಣ್ಣಿನ ದಾರಿ, ಒಂದು ಗಂಟೆ ಸಾಕು. ಆರಕ್ಕೆ ಹೊರಟರೆ ಏಳೂವರೆಗೆ ಕೋಣೆಗೆ ವಾಪಸ್. ಹೆಜ್ಜಾರ್ಲೆ, ನೀರುಕಾಗೆ ಕಾಣುತ್ತವೆ. ಪ್ರಾಧ್ಯಾಪಕರು ಏರಿಯ ಮೇಲೆ ಅರ್ಧ ಕಿಲೋಮೀಟರು ನಡೆದು ಬೆಂಚಿನಲ್ಲಿ ಕೂರಲಿ, ಅಲ್ಲಿಂದಲೇ ಎಲ್ಲ ಕಾಣುತ್ತದೆ.

ಬೆಟ್ಟಕ್ಕೆ ಮೆಟ್ಟಿಲು ಸಾವಿರ ಚಿಲ್ಲರೆ. ಮುಕ್ಕಾಲು ದಾರಿಯ ಹತ್ತಿರ ದೊಡ್ಡ ನಂದಿ, ದೊಡ್ಡ ದೇವರಾಜ ಒಡೆಯರ ಕಾಲದ್ದು. ಹತ್ತಲು ಗಂಟೆ, ಗಂಟೆಕಾಲು. ಹತ್ತಿ, ಇಳಿಯಲು 201 ನಂಬರಿನ ಬಸ್ಸು ಹಿಡಿಯಿರಿ, ಇಳಿಜಾರೇ ಮಂಡಿಗೆ ಕಷ್ಟ. ಮೊಣಕಾಲು ನೋವಿನವರು ಹೋಗಿಬರುವುದೆರಡನ್ನೂ ಬಸ್ಸಿನಲ್ಲೇ ಮಾಡಲಿ. ಆಷಾಢ ಶುಕ್ರವಾರ ಮಾತ್ರ ಅತ್ತ ತಲೆ ಹಾಕಬೇಡಿ, ದರ್ಶನದ ಸಾಲಿನಲ್ಲೇ ದಿನ ಕಳೆಯುತ್ತದೆ.

ಒಂಟಿಕೊಪ್ಪಲ್

ಅರಮನೆಯ ಒಳಗೆ ಹತ್ತರಿಂದ ಐದೂವರೆ. ಅದು ಸಮ್ಮೇಳನದ ವೇಳೆಗೆ ಅಡ್ಡ ಬರುತ್ತದೆ, ಸೋಮವಾರಕ್ಕೆ ಇಡಿ. ದೀಪಾಲಂಕಾರ ಭಾನುವಾರ ಸಂಜೆ ಏಳಕ್ಕೆ. ಸಮಾರೋಪ ಮುಗಿಸಿ ಆರೂವರೆಗೆ ತಲುಪಿದರೆ ಸರಿ. ಅರಮನೆ ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಜಯಮಾರ್ತಾಂಡ ದ್ವಾರದ ಕಡೆ ನಿಂತರೆ ಇಡೀ ಮುಂಭಾಗ ಕಾಣುತ್ತದೆ. ಹಗಲಿನ ಫೋಟೊ ಬೇಕಿದ್ದರೆ ಬೆಳಿಗ್ಗೆಯೇ ತೆಗೆಯಿರಿ, ಮಧ್ಯಾಹ್ನದ ನಂತರ ಸೂರ್ಯ ಕಟ್ಟಡದ ಬೆನ್ನಿಗೆ ಹೋಗುತ್ತಾನೆ.

ತಿಂಡಿಗೆ ನಜರ್‌ಬಾದಿನ ಮೈಲಾರಿ ದೋಸೆ, ಬೆಳಿಗ್ಗೆ ಎಂಟರೊಳಗೆ. ಮೈಸೂರು ಪಾಕನ್ನು ಊರಿಗೆ ಒಯ್ಯುವವರು ಹೊರಡುವ ದಿನವೇ ಕೊಳ್ಳಿ, ತುಪ್ಪದ್ದು ಚೀಲದಲ್ಲಿ ಬಿಸಿಲಿಗೆ ಕರಗಿ ಪೋಸ್ಟರಿಗೂ ಹತ್ತುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ಕೇಳಿ. ರಸಬಾಳೆ ಎಂದು ಹೇಳಿ ಬೇರೆ ಬಾಳೆ ಕೊಡುವುದುಂಟು, ಒಂದು ತಿಂದು ನೋಡಿಯೇ ಚಿಪ್ಪು ಕೊಳ್ಳಿ.

ಧಾರವಾಡ_ಎಂಎಸ್ಸಿ

ಭಾಳ ಉಪಕಾರ ಆತ್ರಿ. ಹಂಗಾರ ಹಿಂಗ ಮಾಡೇವಿ. ಗುರುವಾರ ಬೆಳಿಗ್ಗೆ ಇಳಿದು ಸಂಜಿ ಕ್ರಾಫರ್ಡ್ ಭವನದ ನಡಿಗಿ. ಶುಕ್ರವಾರ ಎಂಟಕ್ಕ ಪೋಸ್ಟರ್ ಅಂಟಿಸೋದು, ಮಧ್ಯಾಹ್ನ ಊಟದ ಬಿಡುವಿನಾಗ ಭಾಷಾ ಸಂಸ್ಥಾನ. ಶನಿವಾರ ಬೆಳಿಗ್ಗೆ ಕೆರಿ. ಭಾನುವಾರ ಸಂಜಿ ದೀಪ. ಸೋಮವಾರ ಅರಮನಿ, ಮೃಗಾಲಯ, ರಾತ್ರಿ ರೈಲು. ರೈಲು ತುಂಬಿದ್ದರ ಒಂದಿನ ಮುಂದ ಹಾಕಿ ಮೃಗಾಲಯ ಮಂಗಳವಾರಕ್ಕ ಇಟ್ಟರ?

ಗಂಗೋತ್ರಿ_ಹಾದಿ

ಮಂಗಳವಾರ ಮೃಗಾಲಯಕ್ಕೆ ವಾರದ ರಜೆ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿರಿ, ಮೊದಲು ಮೃಗಾಲಯ, ಆಮೇಲೆ ಅರಮನೆ. ಒಳಗೆ ಮೂರು ಕಿಲೋಮೀಟರಿಗೂ ಹೆಚ್ಚು ನಡಿಗೆ ಇದೆ, ಪ್ರಾಧ್ಯಾಪಕರಿಗೆ ಬ್ಯಾಟರಿ ವಾಹನದ ಟಿಕೆಟನ್ನು ಒಳಗೆ ಹೋದ ಕೂಡಲೇ ತೆಗೆಸಿ. ರೈಲು ತುಂಬಿದ್ದರೆ ಮಂಗಳವಾರ ಶ್ರೀರಂಗಪಟ್ಟಣಕ್ಕೆ ಹೋಗಿ, ಅರ್ಧ ಗಂಟೆಯ ದಾರಿ. ಭಾಷಾ ಸಂಸ್ಥಾನಕ್ಕೆ ಊಟದ ಬಿಡುವು ಸಾಲದು, ಅವರಿಗೂ ಅದೇ ಊಟದ ಹೊತ್ತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅನುಮತಿ ಕೇಳಿ.